ಕರಿ ಪರದೆಯ ಅಂಚಿಗೆ ಎಂಥ ಬಣ್ಣ?

ಹೋದ ಸಂಚಿಕೆಯಲ್ಲಿ ಟಿಮಕ್ಸ್ ಬಗ್ಗೆ ಒಂದೇ ಒಂದು ಪ್ರಶ್ನೆಗೆ ಉತ್ತರಿಸಿದ್ದೆ. ಬಸ್ಸಿನಲ್ಲಿ ಕುಳಿತು ಕೆಲಸ ಮಾಡುವಾಗ ನೆಟ್‌ವರ್ಕ್ ಹೋದರೆ ಸರ್ವರಿನಲ್ಲಿ ನಡೆಯುತ್ತಿದ್ದ ಕೆಲಸವೂ ನಿಂತುಹೋಗುತ್ತದೆ, ಏನು ಮಾಡಲಿ ಎಂದು ಒಬ್ಬರು ಕೇಳಿದ್ದರು. ಒಂದೇ ಟರ್ಮಿನಲ್ಲನ್ನು (ಆಜ್ಞೆಗಳನ್ನು ಟೈಪ್ ಮಾಡುವ ಕರಿ ಪರದೆಯನ್ನು) ಹಲವು ಕಿಟಕಿಗಳಾಗಿ ಹಂಚಿಕೊಡುವ, ಸಂಪರ್ಕ ಕಡಿದರೂ ಒಳಗಿನ ಕೆಲಸವನ್ನು ನಡೆಸಿಕೊಂಡೇ ಇರುವ ಈ ತಂತ್ರಾಂಶವನ್ನು ಬಳಸಿ ಎಂದಿದ್ದೆ. ಆಮೇಲೆ ಬಂದ ಪತ್ರಗಳನ್ನು ನೋಡಿ ನಗು ಬಂತು. ಕೆಲಸದ ಬಗ್ಗೆ ಕೇಳಿದವರು ಮೂವರು. ಮಿಕ್ಕವರೆಲ್ಲ ಕೇಳಿದ್ದು ಬಣ್ಣದ ಬಗ್ಗೆ. ಇರಲಿ. ಇಪ್ಪತ್ತೆರಡು ವರ್ಷ ಸರ್ವರ್ ಕೋಣೆಯ ಚಳಿಯಲ್ಲಿ ಶಾಲು ಹೊದ್ದು ಕುಳಿತವಳಿಗೆ ಬಣ್ಣದ ಬಗ್ಗೆಯೂ ನಾಲ್ಕು ಮಾತು ಹೇಳಲಿಕ್ಕಿದೆ.

ಆಜ್ಞೆಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಕೀಲಿಮಣೆಯಲ್ಲಿ ಒತ್ತುವಾಗ ಇಂಗ್ಲಿಷ್ ಅಕ್ಷರ ಬಳಸಿ. ಅಡ್ಡಗೆರೆ, ಅಲ್ಪವಿರಾಮ, ಹ್ಯಾಶ್ ಚಿಹ್ನೆಗಳು ಇದ್ದ ಹಾಗೆಯೇ ಇರಲಿ.

● ಟಿಮಕ್ಸ್‌ನ ಹಸಿರು ಪಟ್ಟಿ ಚೆನ್ನಾಗಿಯೇ ಇದೆಯಲ್ಲ ಮೇಡಂ? ಅದನ್ನು ಬದಲಿಸುವುದು ಬರೀ ಶೋಕಿ ಅಲ್ಲವೇ?
— ಓದುಗರು, ಹುಬ್ಬಳ್ಳಿ

ಶೋಕಿಗೆ ಬದಲಿಸುವವರೂ ಇದ್ದಾರೆ, ಅದು ತಪ್ಪೇನಲ್ಲ. ನಾನು ಬದಲಿಸಿದ್ದು ಮಾತ್ರ ಪೆಟ್ಟು ತಿಂದ ಮೇಲೆ.

2012ರಲ್ಲಿ, ಒಂದು ತಿಂಗಳ ಕೊನೆಯ ರಾತ್ರಿ. ಆಗ ನಾನಿದ್ದ ಕಚೇರಿಯಲ್ಲಿ ಸಂಬಳದ ಲೆಕ್ಕಕ್ಕೆ ಎರಡು ಯಂತ್ರಗಳಿದ್ದವು, ಒಂದು ಪರೀಕ್ಷೆಗೆ, ಇನ್ನೊಂದು ನಿಜವಾದ ಲೆಕ್ಕಕ್ಕೆ. ಎರಡರ ಹೆಸರೂ ಒಂದೇ, ಕೊನೆಯ ಅಂಕಿ ಮಾತ್ರ ಬೇರೆ: ಒಂದಕ್ಕೆ 1, ಇನ್ನೊಂದಕ್ಕೆ 2. ಎರಡರಲ್ಲೂ ಟಿಮಕ್ಸ್ ಓಡುತ್ತಿತ್ತು, ಎರಡರ ಕೆಳಗೂ ಅದೇ ಹಸಿರು ಪಟ್ಟಿ, ಅದರ ಮೇಲೆ ಅದೇ ಕಪ್ಪು ಅಕ್ಷರ. ಪಟ್ಟಿಯ ಬಲ ಮೂಲೆಯಲ್ಲಿ ಯಂತ್ರದ ಹೆಸರು ಇತ್ತು, ಇಲ್ಲವೆನ್ನುವುದಿಲ್ಲ. ರಾತ್ರಿ ಹನ್ನೊಂದೂವರೆಗೆ ಆ ಮೂಲೆಯ 1 ಮತ್ತು 2ರ ನಡುವೆ ವ್ಯತ್ಯಾಸ ಹುಡುಕುವ ಕಣ್ಣು ಯಾರಿಗಿದೆ? ಪರೀಕ್ಷೆಯ ಯಂತ್ರವೆಂದುಕೊಂಡು ರೀಬೂಟ್ ಆಜ್ಞೆ ಕೊಟ್ಟೆ. ಎಂಟರ್ ಒತ್ತಿದ ಬೆರಳು ಇನ್ನೂ ಕೀಲಿಯ ಮೇಲೆಯೇ ಇತ್ತು, ಅಷ್ಟರಲ್ಲಿ ಹೊಟ್ಟೆಯೊಳಗೆ ಗೊತ್ತಾಗಿಬಿಟ್ಟಿತ್ತು.

ಯಂತ್ರ ಡಿಸ್ಕುಗಳನ್ನೆಲ್ಲ ತಪಾಸಣೆ ಮಾಡಿಕೊಂಡು ಮೇಲೇಳಲು ನಲವತ್ತು ನಿಮಿಷ ತೆಗೆದುಕೊಂಡಿತು. ಅರ್ಧಕ್ಕೆ ನಿಂತ ಲೆಕ್ಕವನ್ನು ಮೊದಲಿನಿಂದ ಓಡಿಸಬೇಕಾಯಿತು. ಸಂಬಳ ಒಂದು ದಿನ ತಡವಾಯಿತು. ಮರುದಿನ ಮೇಲಧಿಕಾರಿಗಳು ಏನೂ ಹೇಳಲಿಲ್ಲ; ಕಾಫಿ ತಂದುಕೊಡುವ ಹುಡುಗ ಲೋಟ ಇಡುತ್ತಾ, "ಮೇಡಂ, ಸಂಬಳ ನಾಳೆಯಂತೆ, ಹೌದೇ?" ಎಂದು ಕೇಳಿದ. ಬೈಗುಳವಾಗಿದ್ದರೆ ಮರೆತುಬಿಡುತ್ತಿದ್ದೆ.

ಅಂದು ಸಂಜೆಯೇ ಲೆಕ್ಕದ ಯಂತ್ರದ ಪಟ್ಟಿಗೆ ಕುಂಕುಮದ ಕಪ್ಪುಗೆಂಪು ಹಚ್ಚಿದೆ. ಈಗಿನ ಆವೃತ್ತಿಗಳಲ್ಲಿ ಅದಕ್ಕೆ ಒಂದೇ ಸಾಲು ಸಾಕು:

ಸೆಟ್ -ಜಿ ಸ್ಟೇಟಸ್-ಸ್ಟೈಲ್ "ಎಫ್‌ಜಿ=ವೈಟ್,ಬಿಜಿ=ಕಲರ್88"

ಎಫ್‌ಜಿ ಅಕ್ಷರದ ಬಣ್ಣ, ಬಿಜಿ ಹಿನ್ನೆಲೆಯ ಬಣ್ಣ. ಈ ಸಾಲು ಇರಬೇಕಾದದ್ದು ನಿಮ್ಮ ಲ್ಯಾಪ್‌ಟಾಪಿನಲ್ಲಿ ಅಲ್ಲ, ಆ ಸರ್ವರಿನಲ್ಲೇ, ನಿಮ್ಮ ಹೋಮ್ ಡೈರೆಕ್ಟರಿಯ ಡಾಟ್ ಟಿಮಕ್ಸ್ ಡಾಟ್ ಕಾನ್ಫ್ ಎಂಬ, ಆಯ್ಕೆಗಳನ್ನು ಬರೆದಿಡುವ ಕಾನ್ಫಿಗ್ ಫೈಲಿನಲ್ಲಿ. 3.1ನೇ ಆವೃತ್ತಿಯಿಂದ ಈಚೆಗೆ ಡಾಟ್ ಕಾನ್ಫಿಗ್ ಡೈರೆಕ್ಟರಿಯೊಳಗೆ ಟಿಮಕ್ಸ್ ಎಂಬ ಹೆಸರಿನಲ್ಲಿ ಬೇರೆ ಮನೆ ಮಾಡಿಕೊಟ್ಟರೂ ಅದು ಓದುತ್ತದೆ.

ನಿಮ್ಮಲ್ಲಿ ಟಿಮಕ್ಸ್ ಓಡುವುದು ಲ್ಯಾಪ್‌ಟಾಪಿನಲ್ಲಿ, ಸರ್ವರಿಗೆ ಎಸ್‌ಎಸ್‌ಎಚ್ ಮಾಡುವುದು (ಅಂದರೆ ಜಾಲದ ಮೂಲಕ ಅದರೊಳಗೆ ಹೋಗುವುದು) ಟಿಮಕ್ಸ್‌ನ ಒಂದು ಪೇನ್‌ನಿಂದ (ಕಿಟಕಿಯನ್ನು ಪಾಲು ಮಾಡಿದ ಒಂದು ಭಾಗದಿಂದ) ಎಂದಾದರೆ ಪಟ್ಟಿಯ ಬಣ್ಣದಿಂದ ಪ್ರಯೋಜನವಿಲ್ಲ. ಆಗ ಆ ಪೇನ್‌ಗೇ ಬಣ್ಣ ಹಚ್ಚಬೇಕು: ಸೆಲೆಕ್ಟ್-ಪೇನ್ -ಪಿ "ಬಿಜಿ=ಕಲರ್52". ಇಲ್ಲಿ ಪಿ ದೊಡ್ಡಕ್ಷರ. ಎಸ್‌ಎಸ್‌ಎಚ್‌ಗೆ ಮೊದಲು ಈ ಆಜ್ಞೆ, ಹೊರಬಂದ ಮೇಲೆ "ಬಿಜಿ=ಡಿಫಾಲ್ಟ್" ಎಂದು ಮರಳಿಸುವ ಇನ್ನೊಂದು, ಇವೆರಡನ್ನೂ ಸೇರಿಸಿ ಮೂರು ಸಾಲಿನ ಚಿಕ್ಕ ಸ್ಕ್ರಿಪ್ಟ್ ಬರೆದಿಟ್ಟುಕೊಳ್ಳಿ.

● ಸಹೋದ್ಯೋಗಿಯ ಹಳೆಯ ಕಾನ್ಫಿಗ್ ಫೈಲನ್ನು ಹೊಸ ಲ್ಯಾಪ್‌ಟಾಪಿಗೆ ಹಾಕಿಕೊಂಡೆ. ಅವರ ಯಂತ್ರದಲ್ಲಿ ಸುಂದರವಾಗಿ ಕಾಣುತ್ತದೆ, ನನ್ನಲ್ಲಿ ತೆರೆಯುತ್ತಿದ್ದಂತೆ ಸಾಲು ಸಾಲು ದೂರು.
— ಓದುಗರು, ಬೆಂಗಳೂರು

ನೀವು ಕಳುಹಿಸಿದ ಫೈಲಿನಲ್ಲಿ ಪೇನ್-ಬಾರ್ಡರ್-ಎಫ್‌ಜಿ, ಮೆಸೇಜ್-ಬಿಜಿ, ವಿಂಡೋ-ಸ್ಟೇಟಸ್-ಕರೆಂಟ್-ಎಟಿಟಿಆರ್ ಎಂಬ ಸಾಲುಗಳಿವೆ. ಟಿಮಕ್ಸ್‌ನಲ್ಲಿ ಮೊದಲು ಅಕ್ಷರದ ಬಣ್ಣಕ್ಕೊಂದು, ಹಿನ್ನೆಲೆಗೊಂದು, ದಪ್ಪ-ಓರೆಗೊಂದು ಎಂದು ಮೂರು ಮೂರು ಆಯ್ಕೆಗಳಿದ್ದವು. 2014ರ 1.9ನೇ ಆವೃತ್ತಿಯಲ್ಲಿ ಮೂರನ್ನೂ ಸ್ಟೈಲ್ ಎಂಬ ಒಂದೇ ಆಯ್ಕೆಯೊಳಗೆ ಸೇರಿಸಿದರು. ಹಳೆಯವಕ್ಕೆ ಐದು ವರ್ಷ ಕಾಲಾವಕಾಶ ಕೊಟ್ಟು, 2019ರ 2.9ರಲ್ಲಿ ತೆಗೆದುಹಾಕಿದರು. ಸಹೋದ್ಯೋಗಿಯ ಯಂತ್ರದಲ್ಲಿರುವುದು 2.9ಕ್ಕಿಂತ ಹಿಂದಿನದು ಎಂದು ಪಂದ್ಯ ಕಟ್ಟಿ ಹೇಳುತ್ತೇನೆ. ಟಿಮಕ್ಸ್ -ವಿ ಎಂದು ದೊಡ್ಡ ವಿ ಹಾಕಿ ಕೇಳಿ ನೋಡಿ, ಅದೇ ಹೇಳುತ್ತದೆ.

ರಿಪೇರಿ ಸುಲಭ. ಪೇನ್-ಬಾರ್ಡರ್-ಎಫ್‌ಜಿ ಕಲರ್244 ಎಂದಿದ್ದರೆ ಪೇನ್-ಬಾರ್ಡರ್-ಸ್ಟೈಲ್ "ಎಫ್‌ಜಿ=ಕಲರ್244" ಎಂದಾಗಬೇಕು. ಎಟಿಟಿಆರ್ ಸಾಲಿನಲ್ಲಿದ್ದ ಬೋಲ್ಡ್ ಎಂಬ ಪದವನ್ನು ಅದೇ ಉದ್ಧರಣ ಚಿಹ್ನೆಯೊಳಗೆ ಅಲ್ಪವಿರಾಮ ಹಾಕಿ ಸೇರಿಸಿ. ಮೂರು ಸಾಲು ಒಂದಾಗುತ್ತದೆ, ಫೈಲೂ ಸಣ್ಣದಾಗುತ್ತದೆ. ಒಂದು ಗಂಟೆಯ ಕೆಲಸ. ಆ ಒಂದು ಗಂಟೆಯಲ್ಲಿ ಪ್ರತಿ ಸಾಲೂ ಏನು ಮಾಡುತ್ತದೆಂಬುದು ನಿಮಗೇ ಗೊತ್ತಾಗಿರುತ್ತದೆ. ಇನ್ನೊಬ್ಬರ ಫೈಲಿನಲ್ಲಿ ಅರ್ಥವಾಗದ ಸಾಲಿದ್ದರೆ ಅಳಿಸಿಬಿಡಿ. ಬೇಕಾಗಿದ್ದರೆ ಅದೇ ಅತ್ತು ಕರೆಯುತ್ತದೆ.

● ಟರ್ಮಿನಲ್‌ಗೆ ಸೋಲರೈಸ್ಡ್ ಎಂಬ ಸಿದ್ಧ ಬಣ್ಣಗಳ ಥೀಮ್ ಹಾಕಿದ ದಿನದಿಂದ ಟಿಮಕ್ಸ್ ಪಟ್ಟಿಯಲ್ಲಿ ಕೆಲವು ಅಕ್ಷರಗಳು ಮಾಯವಾಗಿವೆ. ಮೌಸಿನಿಂದ ಆಯ್ಕೆ ಮಾಡಿದರೆ ಕಾಣುತ್ತವೆ!
— ಓದುಗರು, ಮಂಗಳೂರು

ಮಾಯವಾಗಿಲ್ಲ, ಹಿನ್ನೆಲೆಯ ಬಣ್ಣವನ್ನೇ ಉಟ್ಟುಕೊಂಡು ನಿಂತಿವೆ.

ಟಿಮಕ್ಸ್‌ನಲ್ಲಿ ರೆಡ್, ಬ್ಲೂ, ಬ್ರೈಟ್‌ಬ್ಲ್ಯಾಕ್ ಎಂದು ಹೆಸರಿನಿಂದ ಕರೆದರೆ ಅದು ಬಣ್ಣವನ್ನು ಹೇಳಿದ ಹಾಗಲ್ಲ, ಡಬ್ಬಿಯ ಸಂಖ್ಯೆಯನ್ನು ಹೇಳಿದ ಹಾಗೆ. ಟರ್ಮಿನಲ್ ಬಳಿ 16 ಡಬ್ಬಿಗಳಿರುತ್ತವೆ, 8 ಸಾಮಾನ್ಯ, 8 ಹೊಳಪಿನವು. ಯಾವ ಡಬ್ಬಿಯಲ್ಲಿ ಯಾವ ಬಣ್ಣ ತುಂಬಬೇಕೆಂಬುದು ಟರ್ಮಿನಲ್ ಥೀಮಿನ ಇಷ್ಟ. ಈಥನ್ ಸ್ಕೂನೋವರ್ 2011ರಲ್ಲಿ ಸೋಲರೈಸ್ಡ್ ಮಾಡಿದಾಗ 16 ಬಣ್ಣಗಳಲ್ಲಿ ಎಂಟನ್ನು ಹಿನ್ನೆಲೆ ಮತ್ತು ಬರಹದ ಮಂದ ಛಾಯೆಗಳಿಗೆ ಮೀಸಲಿಟ್ಟರು. ಅವಕ್ಕೂ ಜಾಗ ಬೇಕಲ್ಲ? ಹೊಳಪಿನ ಡಬ್ಬಿಗಳಲ್ಲಿ ಹೆಚ್ಚಿನವು ಅದಕ್ಕೇ ಹೋದವು. ಬ್ರೈಟ್‌ಬ್ಲ್ಯಾಕ್ ಎಂಬ ಡಬ್ಬಿಯಲ್ಲಿ ಇರುವುದು ಕಪ್ಪು ಸೋಲರೈಸ್ಡ್‌ನ ಹಿನ್ನೆಲೆಯ ಅದೇ ಕಡುನೀಲಿ. ಬೇರೆ ಥೀಮುಗಳಲ್ಲಿ ಬ್ರೈಟ್‌ಬ್ಲ್ಯಾಕ್ ಎಂದರೆ ಬೂದಿ ಬಣ್ಣ, ದಿನಾಂಕವನ್ನು ಸ್ವಲ್ಪ ಮಂಕಾಗಿ ತೋರಿಸಲು ಹೇಳಿ ಮಾಡಿಸಿದಂಥದ್ದು. ನೀವೂ ಹಾಗೆಯೇ ಬಳಸಿದ್ದೀರಿ.

ಬ್ರೈಟ್‌ಬ್ಲ್ಯಾಕ್ ಇರುವಲ್ಲೆಲ್ಲ ಕಲರ್244 ಎಂದು ಬರೆಯಿರಿ. 16ರಿಂದ ಮೇಲಿನ ಸಂಖ್ಯೆಗಳನ್ನು ಥೀಮುಗಳು ಸಾಮಾನ್ಯವಾಗಿ ಮುಟ್ಟುವುದಿಲ್ಲ.

ಇದರ ತಿರುವುಮುರುವೂ ಉಪಯೋಗಕ್ಕೆ ಬರುತ್ತದೆ. ಟರ್ಮಿನಲ್ ಥೀಮನ್ನು ಆಗಾಗ ಬದಲಿಸುವ ಚಪಲ ಇರುವವರು ಟಿಮಕ್ಸ್‌ನಲ್ಲಿ ಸಂಖ್ಯೆ ಬಳಸದೆ ಹೆಸರುಗಳನ್ನೇ ಬಳಸಲಿ. ಟರ್ಮಿನಲ್ ಉಟ್ಟ ಬಣ್ಣವನ್ನೇ ಪಟ್ಟಿಯೂ ಉಡುತ್ತದೆ. ಸರ್ವರ್ ಗುರುತಿನಂಥ, ಎಂದೂ ಬದಲಾಗಬಾರದ ಬಣ್ಣಕ್ಕೆ ಸಂಖ್ಯೆ.

● ಕಲರ್88, ಕಲರ್52 ಎಂದೆಲ್ಲ ಬರೆಯುತ್ತೀರಿ. ಈ ಸಂಖ್ಯೆಗಳನ್ನು ಬಾಯಿಪಾಠ ಮಾಡಿದ್ದೀರಾ?
— ಡಿಪ್ಲೊಮಾ ವಿದ್ಯಾರ್ಥಿನಿ, ಹಾಸನ

ಇಲ್ಲ ಮಗಳೇ, ಮಗ್ಗಿ ಬಂದರೆ ಸಾಕು. 256 ಬಣ್ಣಗಳಲ್ಲಿ ಮೊದಲ 16 ಈಗಾಗಲೇ ಹೇಳಿದ ಡಬ್ಬಿಗಳು, 0ಯಿಂದ 15ರವರೆಗೆ. 16ರಿಂದ 231ರವರೆಗೆ ಆರು ಆರು ಆರರ ಒಂದು ಘನ, ಅಂದರೆ 216 ಬಣ್ಣ. ಉಳಿದ 24, 232ರಿಂದ 255, ಕಪ್ಪಿನಿಂದ ಬಿಳಿಯ ಕಡೆಗೆ ಏರುವ ಬೂದಿಯ ಮೆಟ್ಟಿಲುಗಳು.

ಘನದಲ್ಲಿ ಕೆಂಪು, ಹಸಿರು, ನೀಲಿ ಮೂರಕ್ಕೂ 0ಯಿಂದ 5ರವರೆಗೆ ಅಳತೆ. ಕೆಂಪನ್ನು 36ರಿಂದ ಗುಣಿಸಿ, ಹಸಿರನ್ನು 6ರಿಂದ ಗುಣಿಸಿ, ನೀಲಿಯನ್ನು ಹಾಗೆಯೇ ಇಟ್ಟು, ಮೂರನ್ನೂ ಕೂಡಿ 16 ಸೇರಿಸಿ. ಕುಂಕುಮಕ್ಕೆ ಕೆಂಪು 2, ಮಿಕ್ಕದ್ದು ಸೊನ್ನೆ: 72ಕ್ಕೆ 16 ಸೇರಿದರೆ 88. ಅರಿಶಿನಕ್ಕೆ ಕೆಂಪು 5, ಹಸಿರು 4, ನೀಲಿ ಇಲ್ಲ: 180, 24, 16, ಒಟ್ಟು 220. ನೇರಳೆ ಹಣ್ಣಿನ ಬಣ್ಣಕ್ಕೆ ಕೆಂಪು 1, ನೀಲಿ 1: 53. ಒಂದು ಮಧ್ಯಾಹ್ನ ಹೀಗೆ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಲೆಕ್ಕ ಹಾಕಿ ನೋಡಿ, ಮರೆಯುವುದಿಲ್ಲ.

ಒಂದು ಎಚ್ಚರಿಕೆ. ಅಳತೆಯ ಮೆಟ್ಟಿಲುಗಳು ಸಮ ಎತ್ತರದವಲ್ಲ: 0, 95, 135, 175, 215, 255. ಮೊದಲ ಮೆಟ್ಟಿಲೇ ಧಡಕ್ಕನೆ 95ಕ್ಕೆ ಏರುತ್ತದೆ. ಅದಕ್ಕೇ ಈ ಘನದಲ್ಲಿ ನಿಜವಾದ ಕಡುಬಣ್ಣಗಳು ಕಡಿಮೆ. ಹಿನ್ನೆಲೆಗೆ ಕತ್ತಲಿನಂಥ ಬಣ್ಣ ಬೇಕಾದರೆ ಬೂದಿಯ ಸಾಲಿಗೆ ಹೋಗಿ. 235 ನನಗೆ ಹಿಡಿಸುತ್ತದೆ, ಒಲೆಯ ಮೇಲಿನ ಗೋಡೆಯ ಹಾಗೆ.

● ಥೀಮಿನ ಬಣ್ಣಗಳನ್ನು ಆರಂಕಿಯ ಸಂಖ್ಯೆಯಲ್ಲೇ ಕೊಟ್ಟಿದ್ದೇನೆ. ಆದರೂ ಟಿಮಕ್ಸ್ ಒಳಗೆ ಎಡಿಟರ್ ತೆರೆದರೆ ಬಣ್ಣಗಳು ಮಾಸಿದಂತೆ, ಪಟ್ಟೆ ಪಟ್ಟೆಯಾಗಿ ಕಾಣುತ್ತವೆ. ಹೊರಗೆ ತೆರೆದರೆ ಸರಿಯಾಗಿವೆ.
— ಓದುಗರು, ಬೆಳಗಾವಿ

ಇದು ಪತ್ರಗಳಲ್ಲಿ ಅತಿ ಹೆಚ್ಚು ಬಾರಿ ಬಂದ ಪ್ರಶ್ನೆ. ಹಾಗಾಗಿ ನಿಧಾನವಾಗಿ ಹೇಳುತ್ತೇನೆ.

ಎಡಿಟರಿಗೂ ಪರದೆಗೂ ನಡುವೆ ಟಿಮಕ್ಸ್ ದುಭಾಷಿಯ ಹಾಗೆ ಕುಳಿತಿರುತ್ತದೆ. ಎಡಿಟರ್ ಆರಂಕಿಯ, ಅಂದರೆ 24 ಬಿಟ್‌ನ ಬಣ್ಣವನ್ನು ಹೇಳುತ್ತದೆ. ಆಚೆಯ ಟರ್ಮಿನಲ್ಲಿಗೆ ಅದು ಅರ್ಥವಾಗುತ್ತದೆಂದು ಖಾತ್ರಿಯಿಲ್ಲದಿದ್ದರೆ ಟಿಮಕ್ಸ್ ಅದನ್ನು 256ರಲ್ಲಿ ಹತ್ತಿರದ ಬಣ್ಣಕ್ಕೆ ಇಳಿಸಿ ದಾಟಿಸುತ್ತದೆ. ಮೇಲೆ ಹೇಳಿದ ಧಡಕ್ಕನೆ ಏರುವ ಮೆಟ್ಟಿಲುಗಳು ನೆನಪಿವೆಯಲ್ಲ? ನೀವು ಕಾಣುತ್ತಿರುವ ಪಟ್ಟೆಗಳು ಅವೇ.

ಟಿಮಕ್ಸ್ 24 ಬಿಟ್ ಬಣ್ಣವನ್ನು 2016ರ 2.2ನೇ ಆವೃತ್ತಿಯಿಂದ ಬಲ್ಲದು. ನೀವು ಹೇಳಬೇಕಾದದ್ದು ಎರಡು ಮಾತು. ಒಳಗಿನವರಿಗೆ ತಾನು ಯಾರು ಎಂದು ಟಿಮಕ್ಸ್ ಪರಿಚಯ ಹೇಳಿಕೊಳ್ಳುವುದು ಡಿಫಾಲ್ಟ್-ಟರ್ಮಿನಲ್ ಎಂಬ ಆಯ್ಕೆಯಿಂದ. ಅದು "ಟಿಮಕ್ಸ್-256ಕಲರ್" ಆಗಿರಲಿ. ಹಳೆಯ ಯಂತ್ರಗಳಲ್ಲಿ ಆ ಹೆಸರಿನ ವಿವರಣೆಯೇ ಇರುವುದಿಲ್ಲ, ಅಲ್ಲಿ "ಸ್ಕ್ರೀನ್-256ಕಲರ್". ಹಲವರು ಇಲ್ಲಿ "ಎಕ್ಸ್‌ಟರ್ಮ್-256ಕಲರ್" ಎಂದು ಬರೆದು ಬಣ್ಣ ಬಂತೆಂದು ಸಂತೋಷಪಡುತ್ತಾರೆ. ಅದು ಸುಳ್ಳು ವಿಳಾಸ ಕೊಟ್ಟ ಹಾಗೆ. ಸ್ಕ್ರೀನ್ ಅಥವಾ ಟಿಮಕ್ಸ್ ಕುಲದ ಹೆಸರೇ ಇರಬೇಕೆಂದು ಟಿಮಕ್ಸ್‌ನ ಕೈಪಿಡಿಯೇ ಹೇಳುತ್ತದೆ.

ಎರಡನೆಯ ಮಾತು ಹೊರಗಿನ ಟರ್ಮಿನಲ್ಲಿನ ಬಗ್ಗೆ. 2021ರ 3.2ರಿಂದ ಇದಕ್ಕೆ ಟರ್ಮಿನಲ್-ಫೀಚರ್ಸ್ ಎಂಬ ಆಯ್ಕೆ ಬಂದಿದೆ:

ಸೆಟ್ -ಎಎಸ್ ಟರ್ಮಿನಲ್-ಫೀಚರ್ಸ್ ",ಎಕ್ಸ್‌ಟರ್ಮ್-256ಕಲರ್:ಆರ್‌ಜಿಬಿ"

ಆರ್‌ಜಿಬಿ ಮಾತ್ರ ದೊಡ್ಡಕ್ಷರದಲ್ಲಿ. ಅದರ ಹಿಂದಿನ ಹೆಸರನ್ನು ಕುರುಡಾಗಿ ನಕಲು ಮಾಡಬೇಡಿ. ಟಿಮಕ್ಸ್‌ನಿಂದ ಹೊರಗೆ ಬಂದು ಎಕೊ ಡಾಲರ್ ಟರ್ಮ್ ಎಂದು ಕೇಳಿ, ಏನು ಉತ್ತರ ಬರುತ್ತದೋ ಅದನ್ನು ಬರೆಯಿರಿ. 3.2ಕ್ಕಿಂತ ಹಳೆಯದಿದ್ದರೆ ಟರ್ಮಿನಲ್-ಓವರ್‌ರೈಡ್ಸ್ ಎಂಬ ಆಯ್ಕೆ, ಕೊನೆಯಲ್ಲಿ ಆರ್‌ಜಿಬಿ ಬದಲು ಟಿಸಿ. ಟಿ ದೊಡ್ಡಕ್ಷರ, ಸಿ ಸಣ್ಣಕ್ಷರ.

ಇಷ್ಟು ಮಾಡಿಯೂ ಏನೂ ಬದಲಾಗಲಿಲ್ಲ ಎಂದು ನನಗೆ ಇನ್ನೊಂದು ಪತ್ರ ಬರೆಯುವ ಮೊದಲು ಟಿಮಕ್ಸ್ ಸೆಷನ್ನಿನಿಂದ ಡಿಟ್ಯಾಚ್ ಆಗಿ (ಒಳಗಿನ ಕೆಲಸ ನಿಲ್ಲಿಸದೆ ಹೊರಬಂದು) ಮತ್ತೆ ಒಳಗೆ ಹೋಗಿ, ಹೊಸ ಕಿಟಕಿ ತೆರೆಯಿರಿ. ಹೊರಗಿನ ಟರ್ಮಿನಲ್ಲಿನ ಶಕ್ತಿ ಏನೆಂದು ಟಿಮಕ್ಸ್ ವಿಚಾರಿಸುವುದು ಒಳಗೆ ಬರುವ ಹೊತ್ತಿನಲ್ಲಿ. ಡಿಫಾಲ್ಟ್-ಟರ್ಮಿನಲ್ ಅನ್ವಯವಾಗುವುದು ಹೊಸದಾಗಿ ಹುಟ್ಟುವ ಪೇನ್‌ಗಳಿಗೆ.

ಮತ್ತೊಂದು: ಆರಂಕಿಯ ಬಣ್ಣ ಹ್ಯಾಶ್ ಚಿಹ್ನೆಯಿಂದ ಆರಂಭವಾಗುತ್ತದೆ. ಕಾನ್ಫಿಗ್ ಫೈಲಿನಲ್ಲಿ ಹ್ಯಾಶ್ ಎಂದರೆ "ಇಲ್ಲಿಂದ ಮುಂದೆ ಟಿಪ್ಪಣಿ, ಓದಬೇಡ" ಎಂದೂ ಅರ್ಥ. ಹಾಗಾಗಿ "#262626" ಎಂದು ಯಾವಾಗಲೂ ಉದ್ಧರಣ ಚಿಹ್ನೆಯೊಳಗೆ ಬರೆಯಿರಿ.

● ಇಷ್ಟವಾಗದ ಬಣ್ಣದ ಸಾಲನ್ನು ಅಳಿಸಿ, ಫೈಲನ್ನು ಮತ್ತೆ ಓದಿಸಿದರೂ ಆ ಬಣ್ಣ ಹೋಗುವುದೇ ಇಲ್ಲ. ದೆವ್ವ ಹಿಡಿದಿದೆಯೇ?
— ಬಿ.ಇ. ವಿದ್ಯಾರ್ಥಿ, ಶಿವಮೊಗ್ಗ

ಗೋಡೆಗೆ ಸುಣ್ಣ ಬಳಿಯಲು ಚೀಟಿ ಬರೆದುಕೊಟ್ಟಿರಿ, ಬಳಿದರು. ಆಮೇಲೆ ಚೀಟಿ ಹರಿದು ಹಾಕಿದರೆ ಸುಣ್ಣ ಹೋಗುತ್ತದೆಯೇ? ಸೋರ್ಸ್-ಫೈಲ್ ಆಜ್ಞೆ ಫೈಲಿನಲ್ಲಿ ಇರುವುದನ್ನು ಮಾಡುತ್ತದೆ, ಇಲ್ಲದಿರುವುದನ್ನು ತೆಗೆಯುವುದಿಲ್ಲ. ಆಯ್ಕೆಗಳನ್ನು ನೆನಪಿನಲ್ಲಿ ಇಟ್ಟುಕೊಂಡಿರುವುದು ಹಿನ್ನೆಲೆಯಲ್ಲಿ ಓಡುತ್ತಿರುವ ಟಿಮಕ್ಸ್ ಸರ್ವರ್. ಸೆಟ್ -ಜಿಯು ಪೇನ್-ಬಾರ್ಡರ್-ಸ್ಟೈಲ್ ಎಂದರೆ ಆ ಒಂದು ಆಯ್ಕೆ ಮೂಲ ಸ್ಥಿತಿಗೆ ಹೋಗುತ್ತದೆ. ಈಗ ಏನಿದೆ ಎಂದು ನೋಡಲು ಶೋ -ಜಿ.

ಕಿಲ್-ಸರ್ವರ್ ಎಂದರೆ ಎಲ್ಲವೂ ಹೊಸದಾಗುತ್ತದೆ, ಜೊತೆಗೆ ಒಳಗಿದ್ದ ಕೆಲಸವೆಲ್ಲ ಸಾಯುತ್ತದೆ. ಒಳಗೆ ನಿಮ್ಮ ಇನ್ನೂ ಮುಗಿಯದ ಪ್ರಾಜೆಕ್ಟ್ ಬಿಲ್ಡ್ ಇದ್ದರೆ ಬೇಡ.

ಪ್ರಯೋಗ ಮಾಡುವ ಚಪಲವಿದ್ದರೆ ಬೇರೆ ಅಂಗಳದಲ್ಲಿ ಮಾಡಿ. ಟಿಮಕ್ಸ್ -ಎಲ್ ಪ್ರಯೋಗ -ಎಫ್ ಹೊಸಥೀಮ್ ಎಂದು ತೆರೆದರೆ ಪೂರ್ತಿ ಬೇರೆಯೇ ಸರ್ವರ್, ಬೇರೆಯೇ ಕಾನ್ಫಿಗ್. ಎಲ್ ದೊಡ್ಡಕ್ಷರ, ಎಫ್ ಸಣ್ಣಕ್ಷರ; ಹೆಸರುಗಳು ನಿಮ್ಮಿಷ್ಟ. ಅಲ್ಲಿ ಏನು ಒಡೆದರೂ ಇಲ್ಲಿ ಸದ್ದಾಗುವುದಿಲ್ಲ. ಆದರೆ ಹಳೆಯ ಟಿಮಕ್ಸ್ ಒಳಗಿಂದ ಅಲ್ಲ, ಬೇರೊಂದು ಟರ್ಮಿನಲ್ ಕಿಟಕಿಯಿಂದ ತೆರೆಯಿರಿ.

● ಪ್ರಿಫಿಕ್ಸ್ ಕೀಲಿ (ಟಿಮಕ್ಸ್‌ಗೆ ಆಜ್ಞೆ ಕೊಡುವ ಮೊದಲು ಒತ್ತುವ ಕೀಲಿ) ಒತ್ತಿದಾಗ ಪಟ್ಟಿಯ ಎಡ ಮೂಲೆ ಹಳದಿಯಾಗಲಿ ಎಂದು ಬರೆದಿದ್ದೇನೆ. ಒತ್ತಿದಾಗ ಏನೂ ಆಗುವುದಿಲ್ಲ. ಒತ್ತದಿದ್ದಾಗ ಅರ್ಧಂಬರ್ಧ ಅಕ್ಷರಗಳು ಬಂದು ಕೂರುತ್ತವೆ.
— ಓದುಗರು, ಮೈಸೂರು

ನೀವು ಕಳುಹಿಸಿದ ಸಾಲನ್ನು ಹಾಗೆಯೇ ಕೊಡುತ್ತೇನೆ:

#{?ಕ್ಲೈಂಟ್_ಪ್ರಿಫಿಕ್ಸ್,#[ಎಫ್‌ಜಿ=ಬ್ಲ್ಯಾಕ್,ಬಿಜಿ=ಯೆಲ್ಲೋ] ಹೇಳಿ ,}

ತಪ್ಪಿರುವುದು ಒಂದು ಅಲ್ಪವಿರಾಮದಲ್ಲಿ. ಪ್ರಶ್ನಾರ್ಥಕ ಚಿಹ್ನೆಯ ಈ ರಚನೆಯಲ್ಲಿ ಮೊದಲ ಅಲ್ಪವಿರಾಮದವರೆಗೆ ಷರತ್ತು, ಎರಡನೆಯದರವರೆಗೆ "ಹೌದು" ಎಂಬುದರ ಫಲ, ಆಮೇಲಿನದು "ಇಲ್ಲ" ಎಂಬುದರ ಫಲ. ಬ್ಲ್ಯಾಕ್ ಆದ ಮೇಲಿನ ಅಲ್ಪವಿರಾಮ ಚೌಕ ಕಂಸದ ಒಳಗಿದೆ, ಅದು ಬಣ್ಣಕ್ಕೆ ಸೇರಿದ್ದು ಎಂದು ನಿಮಗೂ ನನಗೂ ಗೊತ್ತು. ಟಿಮಕ್ಸ್‌ಗೆ ಗೊತ್ತಿಲ್ಲ, ಅದು ಅಲ್ಲಿಗೇ ಕತ್ತರಿ ಹಾಕುತ್ತದೆ. ಬಾಲದ ಕಡೆಯ ಬಿಜಿ=ಯೆಲ್ಲೋ ಎಂಬುದು "ಇಲ್ಲ" ಪಾಲಿಗೆ ಬಿದ್ದು, ಒತ್ತದಿದ್ದಾಗ ಪಟ್ಟಿಯ ಮೇಲೆ ಬಂದು ಕೂರುತ್ತದೆ.

ಆ ಅಲ್ಪವಿರಾಮದ ಹಿಂದೆ ಒಂದು ಹ್ಯಾಶ್ ಹಾಕಿ, #[ಎಫ್‌ಜಿ=ಬ್ಲ್ಯಾಕ್#,ಬಿಜಿ=ಯೆಲ್ಲೋ] ಎಂದು. ಅಥವಾ ಎರಡು ಚೌಕ ಕಂಸ ಮಾಡಿ ಅಕ್ಷರಕ್ಕೊಂದು, ಹಿನ್ನೆಲೆಗೊಂದು ಬರೆಯಿರಿ. ಆರು ತಿಂಗಳ ನಂತರ ಓದಿದರೂ ಅರ್ಥವಾಗುವುದು ಎರಡನೆಯದು, ನಾನು ಹಾಗೆಯೇ ಬರೆಯುತ್ತೇನೆ.

ಇದು ಸರಿಯಾದ ಮೇಲೆ ನಿಮ್ಮ ಮುಂದಿನ ಪತ್ರ ಏನೆಂದು ಈಗಲೇ ಗೊತ್ತು: "ಸೆಷನ್ ಹೆಸರು ಅರ್ಧಕ್ಕೆ ಕತ್ತರಿಸಿಹೋಗಿದೆ." ಎಡ ಮೂಲೆಗೆ ಟಿಮಕ್ಸ್ ಕೊಡುವುದು 10 ಅಕ್ಷರದ ಜಾಗ, ಬಲಕ್ಕೆ 40. ಸ್ಟೇಟಸ್-ಲೆಫ್ಟ್-ಲೆಂತ್ 30 ಎಂದು ಹೆಚ್ಚಿಸಿಕೊಳ್ಳಿ.

● ನನಗೆ ಕೆಂಪು ಹಸಿರುಗಳ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ. ಯಾವ ಪೇನ್‌ನಲ್ಲಿ ಟೈಪ್ ಮಾಡುತ್ತಿದ್ದೇನೆ ಎಂದು ಗೆರೆಯ ಬಣ್ಣದಿಂದ ಗುರುತಿಸಲು ಆಗುತ್ತಿಲ್ಲ.
— ಓದುಗರು, ಕಲಬುರಗಿ

ಕಣ್ಣು ಸರಿಯಿರುವವರೂ ಇಲ್ಲಿ ತಡವರಿಸುತ್ತಾರೆ, ಸಂಕೋಚ ಬೇಡ. ಎರಡೇ ಪೇನ್‌ಗಳಿದ್ದಾಗ ನಡುವೆ ಇರುವುದು ಒಂದೇ ಗೆರೆ, ಅದು ಇಬ್ಬರಿಗೂ ಸೇರಿದ್ದು. ಟಿಮಕ್ಸ್ ಆ ಗೆರೆಯ ಅರ್ಧಕ್ಕೆ ಮಾತ್ರ ಬಣ್ಣ ಹಚ್ಚಿ "ಈ ಕಡೆಯದು" ಎಂದು ಸೂಚಿಸುತ್ತದೆ. ಮೊದಲ ಸಲ ಕಂಡಾಗ ಇದು ತಂತ್ರಾಂಶದ ದೋಷವೆಂದೇ ನಾನು ಭಾವಿಸಿದ್ದೆ.

ನಿಮ್ಮಲ್ಲಿ 3.3 ಅಥವಾ ಅದಕ್ಕಿಂತ ಹೊಸದು ಇದ್ದರೆ ಪೇನ್-ಬಾರ್ಡರ್-ಇಂಡಿಕೇಟರ್ಸ್ ಎಂಬ ಆಯ್ಕೆಗೆ ಆ್ಯರೋಸ್ ಎಂದು ಕೊಡಿ. ಗೆರೆಯ ಮೇಲೆ ನೀವಿರುವ ಪೇನ್‌ನತ್ತ ಬಾಣದ ಗುರುತುಗಳು ಬರುತ್ತವೆ, ಬಣ್ಣದ ಗೊಡವೆಯೇ ಇಲ್ಲ. 3.2ರಿಂದ ಪೇನ್-ಬಾರ್ಡರ್-ಲೈನ್ಸ್‌ಗೆ ಹೆವಿ ಎಂದರೆ ದಪ್ಪ ಗೆರೆ, ಡಬಲ್ ಎಂದರೆ ಜೋಡಿ ಗೆರೆ.

ಇನ್ನೂ ಹಳೆಯದಿದ್ದರೆ ಗೆರೆಯನ್ನು ಬಿಟ್ಟು ನೆಲವನ್ನೇ ಬದಲಿಸಿ. ವಿಂಡೋ-ಸ್ಟೈಲ್‌ಗೆ "ಬಿಜಿ=ಕಲರ್236", ವಿಂಡೋ-ಆ್ಯಕ್ಟಿವ್-ಸ್ಟೈಲ್‌ಗೆ "ಬಿಜಿ=ಬ್ಲ್ಯಾಕ್". ಕೆಲಸ ಮಾಡುತ್ತಿರುವ ಪೇನ್ ಕಪ್ಪಾಗಿದ್ದು ಉಳಿದವು ಬೂದಿ ಮುಚ್ಚಿದಂತೆ ಇರುತ್ತವೆ. ಇಲ್ಲಿ ವ್ಯತ್ಯಾಸ ಬೆಳಕಿನದು, ಬಣ್ಣದ್ದಲ್ಲ. ಅಕ್ಷರಕ್ಕೂ ಹಿನ್ನೆಲೆಗೂ ಬೆಳಕಿನ ಅನುಪಾತ 4.5ಕ್ಕೆ 1ಕ್ಕಿಂತ ಕಡಿಮೆ ಇರಬಾರದು ಎಂದು ಜಾಲತಾಣಗಳಿಗೆ ಒಂದು ಅಂತರರಾಷ್ಟ್ರೀಯ ಮಾನದಂಡವಿದೆ. ಸುಂದರವೆಂದು ಹೆಸರಾದ ಎಷ್ಟೋ ಥೀಮುಗಳ ಮಂಕು ಅಕ್ಷರಗಳು ಆ ಪರೀಕ್ಷೆಯಲ್ಲಿ ನಪಾಸಾಗುತ್ತವೆ.

ಸರ್ವರ್ ಗುರುತಿಗೂ ಬಣ್ಣವನ್ನಷ್ಟೇ ನಂಬಬೇಡಿ; ಸ್ಟೇಟಸ್-ಲೆಫ್ಟ್‌ನಲ್ಲಿ ದಪ್ಪಕ್ಷರದಲ್ಲಿ "ನಿಜ" ಎಂದೋ "ಲೈವ್" ಎಂದೋ ಬರೆದಿಡಿ.

● ಸಿದ್ಧ ಥೀಮ್ ಪ್ಲಗಿನ್‌ಗಳಲ್ಲಿ ಯಾವುದು ಒಳ್ಳೆಯದು? ನಾರ್ಡ್, ಡ್ರಾಕುಲಾ, ಕ್ಯಾಟ್‌ಪುಚಿನ್?
— ಓದುಗರು, ದಾವಣಗೆರೆ

ಸೀರೆ ಅಂಗಡಿಯಲ್ಲಿ ನಿಂತು ನನ್ನನ್ನು ಕೇಳಿದ ಹಾಗಾಯಿತು. ನಿಮಗೆ ಒಪ್ಪುವುದನ್ನು ತೆಗೆದುಕೊಳ್ಳಿ. ಆದರೆ ಆ ಕ್ಷಣ ಯಾವ ಆವೃತ್ತಿ ಇತ್ತೋ ಅದಕ್ಕೇ ಗಂಟು ಹಾಕಿ. ಪ್ಲಗಿನ್ ನಿರ್ವಾಹಕದಲ್ಲಿ ಪ್ಲಗಿನ್ ಹೆಸರಿನ ಕೊನೆಗೆ ಹ್ಯಾಶ್ ಹಾಕಿ ಆವೃತ್ತಿಯ ಗುರುತು ಬರೆಯಬಹುದು. ಇಲ್ಲದಿದ್ದರೆ ಪ್ರಿಫಿಕ್ಸ್ ಒತ್ತಿ ದೊಡ್ಡ ಯು ಒತ್ತಿದ ಯಾವುದೋ ಸೋಮವಾರ, ಥೀಮ್ ಮಾಡಿದವರು ಆಯ್ಕೆಗಳ ಹೆಸರನ್ನೇ ಬದಲಿಸಿರುತ್ತಾರೆ, ನಿಮ್ಮ ಪಟ್ಟಿ ಬೋಳಾಗಿರುತ್ತದೆ.

ನಾನು ಪ್ಲಗಿನ್ ಬಳಸುವುದಿಲ್ಲ. ನನ್ನ ಥೀಮ್ ಬೇರೊಂದು ಚಿಕ್ಕ ಫೈಲಿನಲ್ಲಿದೆ, ಮುಖ್ಯ ಕಾನ್ಫಿಗ್ ಅದನ್ನು ಸೋರ್ಸ್-ಫೈಲ್ ಎಂದು ಕರೆಯುತ್ತದೆ. ಅದರ ತಲೆಯಲ್ಲಿ ಐದು ಹೆಸರುಗಳಿವೆ: ನೆಲ, ಬರಹ, ಮಂಕು, ಗಮನ, ಅಪಾಯ. ಇಂಗ್ಲಿಷ್ ಅಕ್ಷರದಲ್ಲಿ ಹೆಸರು, ಸಮ ಚಿಹ್ನೆ, ಬಣ್ಣ. ಕೆಳಗಿನ ಸಾಲುಗಳಲ್ಲಿ ಡಾಲರ್ ಚಿಹ್ನೆ ಹಾಕಿ ಅವನ್ನು ಕರೆಯುವುದು. ಮೊದಲು ನಾನೂ "ನೀಲಿ", "ಹಳದಿ" ಎಂದೇ ಹೆಸರಿಟ್ಟಿದ್ದೆ. ಎರಡು ವರ್ಷದಲ್ಲಿ "ನೀಲಿ" ಎಂಬುದರ ಬಣ್ಣ ಹಸಿರಾಗಿ, "ಹಳದಿ" ಎಂಬುದು ಕಿತ್ತಳೆಯಾಗಿ, ಓದಿದರೆ ನನಗೇ ತಲೆ ತಿರುಗುತ್ತಿತ್ತು. ಬಣ್ಣದ ಹೆಸರು ಬಿಟ್ಟು ಅದರ ಕೆಲಸದ ಹೆಸರಿಟ್ಟ ಮೇಲೆ ಆ ಕಾಟವಿಲ್ಲ. ಬಿಸಿಲು ನೇರ ಪರದೆಗೆ ಬೀಳುವ ಮಧ್ಯಾಹ್ನಗಳಿಗೆಂದು ಇದೇ ಐದು ಹೆಸರಿನ ಬಿಳಿ ಫೈಲೂ ಒಂದಿದೆ; ಎಫ್5 ಒತ್ತಿದರೆ ಕಪ್ಪು, ಎಫ್6 ಒತ್ತಿದರೆ ಬಿಳಿ. ಎರಡೂ ಫೈಲುಗಳು ಒಂದೇ ಆಯ್ಕೆಗಳನ್ನು ಮುಟ್ಟಬೇಕು. ಒಂದರಲ್ಲಿ ಒಂದು ಸಾಲು ಮರೆತರೂ ಶಿವಮೊಗ್ಗದ ವಿದ್ಯಾರ್ಥಿಯ ದೆವ್ವ ಬಂದು ಕೂರುತ್ತದೆ.

● ಪಟ್ಟಿಯಲ್ಲಿ ವಾರದ ಹೆಸರು ಕನ್ನಡದಲ್ಲಿ ಬರುವಂತೆ ಮಾಡಬಹುದೇ?
— ಓದುಗರು, ಕುಂದಾಪುರ

ಮಾಡಬಹುದು, ನಾನು ಮಾಡಿಕೊಂಡಿದ್ದೇನೆ. ಯಂತ್ರದಲ್ಲಿ ಕನ್ನಡ ಲೊಕೇಲ್ (ಆ ಭಾಷೆಯ ವಾರ, ತಿಂಗಳ ಹೆಸರುಗಳಂಥ ವಿವರಗಳ ಕಟ್ಟು) ಸ್ಥಾಪಿಸಿರಬೇಕು. ಎಲ್‌ಸಿ_ಟೈಮ್ ಎಂಬುದಕ್ಕೆ ಕೆಎನ್_ಐಎನ್.ಯುಟಿಎಫ್-8 ಎಂದು ಕೊಟ್ಟು ಆಮೇಲೆ ಟಿಮಕ್ಸ್ ಸರ್ವರನ್ನು ಹೊಸದಾಗಿ ಆರಂಭಿಸಿ. ಸ್ಟೇಟಸ್-ರೈಟ್‌ನಲ್ಲಿ %ಎ, ದೊಡ್ಡಕ್ಷರದ ಎ. "ಮಂಗಳವಾರ" ಎಂದು ಬಂದು ಕೂರುತ್ತದೆ.

ಟರ್ಮಿನಲ್ ಎಂದರೆ ಚೌಕಳಿ ಪುಸ್ತಕ, ಒಂದು ಅಕ್ಷರಕ್ಕೆ ಒಂದು ಮನೆ. ನಮ್ಮ ಒತ್ತಕ್ಷರ ಆ ಲೆಕ್ಕಕ್ಕೆ ಸಿಗುವುದಿಲ್ಲ. "ಕ್ರ" ಎಂಬುದು ಯೂನಿಕೋಡಿನಲ್ಲಿ ಕ, ಹಲಂತ, ರ ಎಂಬ ಮೂರು ಚಿಹ್ನೆ. ಟಿಮಕ್ಸ್ ಅದಕ್ಕೆ ಎರಡು ಮನೆ ಎಣಿಸುತ್ತದೆ, ಅಕ್ಷರ ಜೋಡಿಸುವ ಟರ್ಮಿನಲ್ ಒಂದರಲ್ಲೇ ಬರೆದುಬಿಡುತ್ತದೆ. ಅಲ್ಲಿಂದ ಬಲಕ್ಕೆ ಎಲ್ಲವೂ ಒಂದು ಮನೆ ಜರುಗುತ್ತದೆ. ವಾರದ ಏಳು ಹೆಸರುಗಳಲ್ಲಿ ಒತ್ತಕ್ಷರ ಇರುವುದು ಒಂದಕ್ಕೇ. ನನ್ನ ಪಟ್ಟಿ ಆರು ದಿನ ನೆಟ್ಟಗಿದ್ದು ಶುಕ್ರವಾರ ಮಾತ್ರ ಓರೆಯಾಗುತ್ತದೆ. ಸರಿಪಡಿಸಲು ಹೋಗಿಲ್ಲ, ವಾರ ಮುಗಿಯಿತೆಂದು ಗೊತ್ತಾಗುತ್ತದೆ.

● ಕೊನೆಗೆ ಒಂದು ಮಾತು ಮೇಡಂ, ಆ ಪರೀಕ್ಷೆಯ ಯಂತ್ರಕ್ಕೆ ಯಾವ ಬಣ್ಣ ಹಚ್ಚಿದಿರಿ?
— ನಮ್ಮ ಸಂಪಾದಕರು, ಕರಡು ಓದಿದ ಮೇಲೆ

ಹಸಿರೇ. ಅದನ್ನು ಮುಟ್ಟಲಿಲ್ಲ.